ಹಳೆಯ ಕಚೇರಿ, ಹೊಸ ಸೌಧ: ಮೈಸೂರು ಸರಕಾರದ ಆಡಳಿತ ಭವನಗಳ ಯೋಜನೆ ಮತ್ತು ವೆಚ್ಚ

೧

ನಮ್ಮ ನಾಡಿನ ಆಡಳಿತದ ಇತಿಹಾಸವನ್ನು ಬರೆದವರು ಕಾಯಿದೆ, ಕಂದಾಯ, ನ್ಯಾಯದಾನ, ಚುನಾವಣೆ ಮೊದಲಾದ ವಿಷಯಗಳನ್ನು ಸಾಕಷ್ಟು ವಿಸ್ತಾರವಾಗಿ ವಿವೇಚಿಸಿದ್ದಾರೆ. ಆದರೆ ಆ ಆಡಳಿತವು ಯಾವ ಮಾಡಿನ ಕೆಳಗೆ ನಡೆಯಿತು, ಆ ಮಾಡು ಹಳೆಯದಾದಾಗ ಹೊಸದನ್ನು ಕಟ್ಟಬೇಕೆಂದು ಯಾರು ನಿರ್ಧರಿಸಿದರು, ಅದಕ್ಕೆ ಬೇಕಾದ ಹಣ ಯಾರ ಬೊಕ್ಕಸದಿಂದ ಬಂದಿತು, ಹಳೆಯ ಕಟ್ಟಡದ ಗತಿ ಏನಾಯಿತು ಎಂಬ ಪ್ರಶ್ನೆಗಳು ಅಷ್ಟಾಗಿ ವಿದ್ವಾಂಸರ ಗಮನವನ್ನು ಸೆಳೆದಿಲ್ಲ. ಸರಕಾರಿ ಕಟ್ಟಡವೆಂದರೆ ಇಟ್ಟಿಗೆ, ಗಾರೆ, ಕಲ್ಲುಗಳ ವಿಷಯ. ಅದು ಲೋಕೋಪಯೋಗಿ ಇಲಾಖೆಯ ಕಡತಕ್ಕೆ ಸೇರಿದ್ದೇ ಹೊರತು ಇತಿಹಾಸಕ್ಕೆ ಸೇರಿದ್ದಲ್ಲ ಎಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಈ ಭಾವನೆ ಸರಿಯಾದುದಲ್ಲವೆಂದು ನಮ್ಮ ಅಭಿಪ್ರಾಯ. ಒಂದು ಸರಕಾರವು ತನ್ನ ಹಳೆಯ ಮನೆಯನ್ನು ಬಿಟ್ಟು ಹೊಸ ಮನೆಯನ್ನು ಕಟ್ಟಿಕೊಳ್ಳುವ ಸಂದರ್ಭದಲ್ಲಿ, ತಾನು ಯಾರೆಂದು ಅದು ಭಾವಿಸಿಕೊಂಡಿದೆ ಎಂಬುದು ಇತರ ಯಾವ ಸಂದರ್ಭಕ್ಕಿಂತಲೂ ಸ್ಪಷ್ಟವಾಗಿ ಹೊರಬೀಳುತ್ತದೆ.

ಈ ಲೇಖನದಲ್ಲಿ ನಾವು ಬೆಂಗಳೂರಿನ ಮೂರು ಕಟ್ಟಡಗಳನ್ನು ಒಂದೇ ಸರಪಣಿಯ ಕೊಂಡಿಗಳೆಂದು ಭಾವಿಸಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಕೋಟೆಯೊಳಗಿನ ಟಿಪ್ಪು ಸುಲ್ತಾನನ ಅರಮನೆ, ಅಠಾರಾ ಕಚೇರಿ ಮತ್ತು ವಿಧಾನಸೌಧ ಇವೇ ಆ ಮೂರು. ಮೊದಲನೆಯದು ಸಾಲದೆ ಎರಡನೆಯದು ಹುಟ್ಟಿತು. ಎರಡನೆಯದು ಸಾಲದೆ ಮೂರನೆಯದು ಹುಟ್ಟಿತು. ಮೂರನೆಯದೂ ಸಾಲದೆಂಬ ಮಾತು ಮುಂದೆ ಸತ್ಯವಾಯಿತು. ಈ ಕಥೆ ಕೇವಲ ರಾಜಧಾನಿಯದಲ್ಲ. ಊರಿನ ಪುರಸಭೆಯ ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವ ಮಾತು ಬಂದಾಗಲೂ ಇವೇ ಪ್ರಶ್ನೆಗಳು ಚಿಕ್ಕ ಪ್ರಮಾಣದಲ್ಲಿ ಏಳುತ್ತವೆ. ಆದ್ದರಿಂದ ದೊಡ್ಡ ಉದಾಹರಣೆಯನ್ನು ತೆಗೆದುಕೊಂಡು ವಿಚಾರ ಮಾಡುವುದು ಚಿಕ್ಕ ಉದಾಹರಣೆಗಳ ತಿಳುವಳಿಕೆಗೂ ಸಹಾಯಕವಾಗುವುದೆಂದು ನಂಬಿದ್ದೇವೆ.

೨

೧೮೩೧ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡ ತರುವಾಯ ಆಡಳಿತದ ಕೇಂದ್ರವು ಮೈಸೂರಿನಿಂದ ಬೆಂಗಳೂರಿಗೆ ಬಂದಿತು. ಹೊಸ ಆಡಳಿತಕ್ಕೆ ಹೊಸ ಕಟ್ಟಡವಿರಲಿಲ್ಲ. ಹೈದರಾಲಿಯ ಕಾಲದಲ್ಲಿ ಆರಂಭವಾಗಿ ಟಿಪ್ಪುವಿನ ಕಾಲದಲ್ಲಿ, ೧೭೯೧ರ ಸುಮಾರಿಗೆ, ಪೂರ್ಣಗೊಂಡ ಕೋಟೆಯ ಅರಮನೆಯೇ ಕಮಿಷನರ ಕಚೇರಿಯಾಯಿತು. ಮರದ ಕಂಬ, ಕಮಾನು, ಮೊಗಸಾಲೆಗಳ ಆ ಅರಮನೆ ಒಬ್ಬ ದೊರೆಯ ವಾಸಕ್ಕೂ ಓಲಗಕ್ಕೂ ಹೊಂದುವಂತೆ ರಚಿತವಾಗಿತ್ತು. ಕಡತಗಳನ್ನು ಜೋಡಿಸಿಡುವುದಕ್ಕಾಗಲಿ, ಗುಮಾಸ್ತರು ಸಾಲುಸಾಲಾಗಿ ಕುಳಿತು ಬರೆಯುವುದಕ್ಕಾಗಲಿ ರಚಿತವಾಗಿರಲಿಲ್ಲ. ಆದರೂ ಸರ್ ಮಾರ್ಕ್ ಕಬ್ಬನ್ ೧೮೩೪ರಿಂದ ೧೮೬೧ರವರೆಗಿನ ತನ್ನ ದೀರ್ಘ ಅಧಿಕಾರಾವಧಿಯನ್ನು ಈ ವ್ಯವಸ್ಥೆಯಲ್ಲಿಯೇ ಕಳೆದನು.

ಅವನ ಬಳಿಕ ೧೮೬೨ರಲ್ಲಿ ಅಧಿಕಾರಕ್ಕೆ ಬಂದ ಲ್ಯೂಯಿನ್ ಬೌರಿಂಗನ ಕಾಲದಲ್ಲಿ ಪರಿಸ್ಥಿತಿ ಬದಲಾಯಿತು. ಅರಮನೆಯು ಜೀರ್ಣವಾಗುತ್ತ ಬಂದಿತ್ತೆಂಬುದು ಒಂದು ಕಾರಣ. ಇಲಾಖೆಗಳು ಒಂದೊಂದಾಗಿ ಬೇರ್ಪಟ್ಟು ಬೆಳೆಯುತ್ತಿದ್ದುವೆಂಬುದು ಮತ್ತೊಂದು ಕಾರಣ. ಎರಡನೆಯದೇ ಮುಖ್ಯವೆಂದು ನಾವು ಎಣಿಸುತ್ತೇವೆ. ಏಕೆಂದರೆ ಆ ಅರಮನೆಯ ಉಳಿದ ಭಾಗ ಇಂದಿಗೂ ಸಂರಕ್ಷಿತ ಸ್ಮಾರಕವಾಗಿ ನಿಂತಿದೆ. ಕಟ್ಟಡವು ಬಿದ್ದುಹೋಗುವ ಸ್ಥಿತಿಯಲ್ಲಿತ್ತು ಎನ್ನುವುದಕ್ಕಿಂತ, ಅದರೊಳಗಿನ ಕೆಲಸವು ಅದನ್ನು ಮೀರಿ ಬೆಳೆದಿತ್ತು ಎನ್ನುವುದು ಹೆಚ್ಚು ಸಮಂಜಸ.

ಹೀಗೆ ೧೮೬೪ರಿಂದ ೧೮೬೮ರವರೆಗೆ ಕೋಟೆಯಿಂದ ದೂರದಲ್ಲಿ, ಮುಂದೆ ಕಬ್ಬನ್ ಉದ್ಯಾನವಾದ ಬಯಲಿನ ಅಂಚಿನಲ್ಲಿ, ಕೆಂಪು ಬಣ್ಣದ ಎರಡು ಅಂತಸ್ತಿನ ಭವ್ಯ ಕಟ್ಟಡವೊಂದು ಎದ್ದಿತು. ಸಂಸ್ಥಾನದ ಮುಖ್ಯ ಇಂಜಿನಿಯರನಾಗಿದ್ದ ರಿಚರ್ಡ್ ಸ್ಯಾಂಕಿಯ ಹೆಸರು ಇದರ ರಚನೆಯೊಂದಿಗೆ ಸೇರಿಕೊಂಡಿದೆ. ಕಟ್ಟಿಸಿದ ಗುತ್ತಿಗೆದಾರರು ರಾವ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಕಂದಾಯ ಮತ್ತು ಸಾಮಾನ್ಯ ಸಚಿವಾಲಯದ ಹದಿನೆಂಟು ಇಲಾಖೆಗಳು ಇಲ್ಲಿ ನೆಲೆಸಿದುದರಿಂದ ಜನರು ಹಿಂದೂಸ್ತಾನಿ ಮಾತಿನಲ್ಲಿ ಇದನ್ನು ‘ಅಠಾರಾ ಕಚೇರಿ’ ಎಂದು ಕರೆದರು. ಕಟ್ಟಡಕ್ಕೆ ತಗುಲಿದ ವೆಚ್ಚ ಸುಮಾರು ನಾಲ್ಕೂವರೆ ಲಕ್ಷ ರೂಪಾಯಿ ಎಂದು ಹೇಳಲಾಗಿದೆ.

ಇಲ್ಲಿ ವಾಚಕರು ಒಂದು ಅಂಶವನ್ನು ಗಮನಿಸಬೇಕು. ಈ ನಾಲ್ಕೂವರೆ ಲಕ್ಷ ರೂಪಾಯಿ ಮೈಸೂರಿನ ರೈತನಿಂದ ಬಂದ ಕಂದಾಯದ ಹಣವೇ ಆಗಿದ್ದರೂ ಆ ರೈತನ ಅಭಿಪ್ರಾಯವನ್ನು ಕೇಳುವ ಯಾವ ಸಭೆಯೂ ಆಗ ಇರಲಿಲ್ಲ. ಮೈಸೂರು ಪ್ರಜಾಪ್ರತಿನಿಧಿ ಸಭೆಯು ದಿವಾನ್ ರಂಗಾಚಾರ್ಲು ಅವರಿಂದ ಸ್ಥಾಪಿತವಾದುದು ೧೮೮೧ರಲ್ಲಿ. ಯೋಜಿಸಿದವನು, ಮಂಜೂರು ಮಾಡಿದವನು, ಅದರಲ್ಲಿ ಕುಳಿತವನು ಎಲ್ಲರೂ ಒಂದೇ ಅಧಿಕಾರವರ್ಗಕ್ಕೆ ಸೇರಿದವರು. ಆದ್ದರಿಂದ ವೆಚ್ಚವನ್ನು ಕುರಿತು ಬಹಿರಂಗ ವಾದವೆಂಬುದಕ್ಕೆ ಅಲ್ಲಿ ಅವಕಾಶವೇ ಇರಲಿಲ್ಲ.

೩

ಈ ಎರಡು ಕಟ್ಟಡಗಳ ನಡುವಿನ ಕಾಲದಲ್ಲಿ, ಹಳೆಯದರ ಸ್ಥಾನದಲ್ಲಿ ಹೊಸದನ್ನು ಕಟ್ಟಿದ ಇನ್ನೊಂದು ಪ್ರಸಿದ್ಧ ಪ್ರಸಂಗ ಮೈಸೂರು ನಗರದಲ್ಲಿ ನಡೆಯಿತು. ೧೮೯೭ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ರೀಜೆಂಟರಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಹೊಸ ಅರಮನೆಯ ಕೆಲಸವನ್ನು ವಹಿಸಿದರು. ೧೯೧೨ರಲ್ಲಿ ಕೆಲಸ ಮುಗಿಯುವ ವೇಳೆಗೆ ಆದ ವೆಚ್ಚ ೪೧,೪೭,೯೧೩ ರೂಪಾಯಿ. ಕೊನೆಯ ಮೂರು ರೂಪಾಯಿಯವರೆಗೂ ಲೆಕ್ಕವನ್ನು ಉಳಿಸಿಕೊಂಡು ಬಂದಿರುವುದು ಸಂಸ್ಥಾನದ ಲೆಕ್ಕಪತ್ರಗಳ ಶಿಸ್ತಿಗೆ ಸಾಕ್ಷಿಯಾಗಿದೆ.

ಬೆಂಕಿಯಿಂದ ನಾಶವಾದ ಕಟ್ಟಡಕ್ಕೆ ಬದಲಿಯನ್ನು ಕಟ್ಟುವಾಗ ‘ಇದು ಬೇಕೇ?’ ಎಂಬ ಪ್ರಶ್ನೆಯೇ ಏಳುವುದಿಲ್ಲ, ‘ಎಷ್ಟು?’ ಎಂಬುದೊಂದೇ ಪ್ರಶ್ನೆ. ಆದರೆ ಆ ಒಂದು ಪ್ರಶ್ನೆಗೂ ಉತ್ತರ ಸುಲಭವಲ್ಲವೆಂಬುದಕ್ಕೆ ಲಂಡನ್ನಿನ ಪಾರ್ಲಿಮೆಂಟ್ ಭವನವು ಉತ್ತಮ ನಿದರ್ಶನ. ೧೮೩೪ರ ಅಕ್ಟೋಬರ್ ೧೬ರಂದು, ಖಜಾನೆಯಲ್ಲಿ ಹಳೆಯ ಕಾಲದಲ್ಲಿ ಲೆಕ್ಕವಿಡಲು ಬಳಸುತ್ತಿದ್ದ ಗೀರು ಹಾಕಿದ ಮರದ ಕಡ್ಡಿಗಳನ್ನು ಒಲೆಗೆ ಹಾಕಿ ಸುಡುತ್ತಿದ್ದಾಗ ಬೆಂಕಿ ಹರಡಿ ಹಳೆಯ ಭವನ ಸುಟ್ಟುಹೋಯಿತು. ಸ್ಪರ್ಧೆಯಲ್ಲಿ ಗೆದ್ದ ಚಾರ್ಲ್ಸ್ ಬ್ಯಾರಿಯ ನಕ್ಷೆಗೆ ಆರು ವರ್ಷ ಮತ್ತು ೭,೨೪,೯೮೬ ಪೌಂಡುಗಳು ಸಾಕೆಂದು ಅಂದಾಜು ಮಾಡಲಾಗಿತ್ತು. ಕೆಲಸ ಮುಗಿಯಲು ಮೂವತ್ತಕ್ಕೂ ಹೆಚ್ಚು ವರ್ಷಗಳು ಹಿಡಿದುವು. ವೆಚ್ಚ ಇಪ್ಪತ್ತು ಲಕ್ಷ ಪೌಂಡುಗಳನ್ನು ಮೀರಿತು. ಪಾರ್ಲಿಮೆಂಟರಿ ಪದ್ಧತಿಯ ತವರೂರೆನಿಸಿದ ದೇಶದಲ್ಲಿ, ಪ್ರತಿಯೊಂದು ಪೌಂಡಿಗೂ ಸಭೆಯ ಒಪ್ಪಿಗೆ ಬೇಕಾಗಿದ್ದ ಕಾಲದಲ್ಲಿಯೇ, ಅಂದಾಜು ಮತ್ತು ವಾಸ್ತವ ವೆಚ್ಚಗಳ ನಡುವೆ ಇಷ್ಟೊಂದು ಅಂತರವುಂಟಾಯಿತು. ಮುಂದೆ ಬೆಂಗಳೂರಿನಲ್ಲಿ ನಡೆದುದನ್ನು ತೂಗಿ ನೋಡುವಾಗ ಈ ಸಂಗತಿಯನ್ನು ಮರೆಯಬಾರದು.

೪

೧೯೪೭ರ ಅಕ್ಟೋಬರಿನಲ್ಲಿ ಮೈಸೂರಿನಲ್ಲಿ ಜವಾಬ್ದಾರಿ ಸರಕಾರ ಬಂದಿತು. ಕೆ. ಚೆಂಗಲರಾಯ ರೆಡ್ಡಿಯವರು ಮೊದಲ ಮುಖ್ಯಮಂತ್ರಿಗಳಾದರು. ಅದುವರೆಗೆ ನ್ಯಾಯವಿಧಾಯಕ ಸಭೆಗೆ ಬೆಂಗಳೂರಿನ ಅಠಾರಾ ಕಚೇರಿಯಲ್ಲಿಯೂ ಪ್ರಜಾಪ್ರತಿನಿಧಿ ಸಭೆಗೆ ಮೈಸೂರಿನಲ್ಲಿಯೂ ನೆಲೆ ಇದ್ದಿತು. ಜನರಿಂದ ಚುನಾಯಿತವಾದ ಶಾಸನಸಭೆ, ಅದಕ್ಕೆ ಹೊಣೆಗಾರರಾದ ಮಂತ್ರಿಗಳು, ಬೆಳೆಯುತ್ತಿದ್ದ ಸಚಿವಾಲಯ ಇವೆಲ್ಲವನ್ನೂ ಹಿಡಿಸುವ ಶಕ್ತಿ ಎಂಬತ್ತು ವರ್ಷ ಹಳೆಯ ಕಚೇರಿಗೆ ಇರಲಿಲ್ಲ. ಅದರ ಎದುರಿನ ಬಯಲಿನಲ್ಲಿ ಹೊಸ ಕಟ್ಟಡವನ್ನು ಕಟ್ಟಲು ರೆಡ್ಡಿಯವರ ಸರಕಾರ ನಿಶ್ಚಯಿಸಿತು. ೧೯೫೧ರ ಜುಲೈ ೧೩ರಂದು ಪ್ರಧಾನಮಂತ್ರಿ ಜವಾಹರಲಾಲ ನೆಹರೂ ಅವರು ಅಸ್ತಿಭಾರದ ಕಲ್ಲನ್ನಿಟ್ಟರು. ಆಗ ಯೋಚಿಸಲಾಗಿದ್ದುದು ಹೆಚ್ಚು ಅಲಂಕಾರವಿಲ್ಲದ, ಆಧುನಿಕ ರೀತಿಯ, ಮಿತವ್ಯಯದ ಕಟ್ಟಡ.

೧೯೫೨ರ ಮಾರ್ಚ್ ೩೦ರಂದು ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಗಳಾದರು. ಅವರು ಹಿಂದಿನ ನಕ್ಷೆಯನ್ನು ಬದಿಗಿರಿಸಿ, ಕಟ್ಟಡವನ್ನು ಅಳತೆಯಲ್ಲಿಯೂ ಶೈಲಿಯಲ್ಲಿಯೂ ಸಂಪೂರ್ಣವಾಗಿ ಮಾರ್ಪಡಿಸಿದರು. ಬೆಂಗಳೂರನ್ನು ನೋಡಲು ಬಂದಿದ್ದ ರಷ್ಯದ ಸಾಂಸ್ಕೃತಿಕ ನಿಯೋಗವೊಂದು, ಇಲ್ಲಿನ ಕಟ್ಟಡಗಳೆಲ್ಲ ಯೂರೋಪಿನ ಮಾದರಿಯವಾಗಿವೆ, ನಿಮ್ಮದೇ ಆದ ವಾಸ್ತುಶಿಲ್ಪವಿಲ್ಲವೇ ಎಂದು ಕೇಳಿತೆಂದೂ, ಆ ಪ್ರಶ್ನೆ ತಮ್ಮ ಮನಸ್ಸನ್ನು ನಾಟಿತೆಂದೂ ಹನುಮಂತಯ್ಯನವರು ಹೇಳುತ್ತಿದ್ದರೆಂಬುದು ಪ್ರಸಿದ್ಧವಾಗಿದೆ. ಆ ಪ್ರಶ್ನೆಯಲ್ಲಿ ಹುರುಳಿದ್ದಿತೆಂಬುದನ್ನು ಒಪ್ಪಲೇಬೇಕು. ಅಠಾರಾ ಕಚೇರಿ ಯೂರೋಪಿನ ಪ್ರಾಚೀನ ಶೈಲಿಯನ್ನು ಅನುಸರಿಸಿದುದು. ೧೯೩೩ರ ಮಾರ್ಚ್ ೬ರಂದು ಅಸ್ತಿಭಾರ ಕಂಡು ೧೯೩೫ರ ಸೆಪ್ಟೆಂಬರ್ ೧೧ರಂದು ಉದ್ಘಾಟನೆಗೊಂಡ ಸರ್ ಪುಟ್ಟಣ್ಣ ಚೆಟ್ಟಿ ಪುರಭವನವು, ನಮ್ಮವರೇ ಕಟ್ಟಿದ್ದಾದರೂ, ಗ್ರೀಕ್ ಮತ್ತು ರೋಮನ್ ಮಾದರಿಯ ಕಂಬಗಳ ಸಾಲನ್ನೇ ಮುಂದಿಟ್ಟುಕೊಂಡು ನಿಂತಿದೆ. ನಗರಸಭೆಯ ಪುರಭವನಕ್ಕೆ ಒಪ್ಪಿದ್ದ ಮಾದರಿಯು ಸ್ವತಂತ್ರ ರಾಜ್ಯದ ಶಾಸನಸಭೆಗೆ ಒಪ್ಪಲಾರದೆಂಬುದು ಹನುಮಂತಯ್ಯನವರ ನಿಲುವಾಗಿದ್ದಿತು.

ಮುಖ್ಯ ಶಿಲ್ಪಿಯಾಗಿದ್ದ ಬಿ. ಆರ್. ಮಾಣಿಕ್ಯಂ ಅವರು ಈ ನಿಲುವಿಗೆ ರೂಪವನ್ನು ಕೊಟ್ಟರು. ಸುಮಾರು ೭೦೦ ಅಡಿ ಉದ್ದ, ೩೫೦ ಅಡಿ ಅಗಲದ ಆಯತಾಕಾರದ ಭವನ. ಪೂರ್ವದ ಮೊಗಸಾಲೆಯಲ್ಲಿ ನಲವತ್ತು ಅಡಿ ಎತ್ತರದ ಹನ್ನೆರಡು ಕಲ್ಲಿನ ಕಂಬಗಳು. ಅಲ್ಲಿಗೆ ಏರಿಹೋಗಲು ಇನ್ನೂರಕ್ಕೂ ಹೆಚ್ಚು ಅಡಿ ಅಗಲದ ನಲವತ್ತೈದು ಮೆಟ್ಟಿಲುಗಳು. ಮೇಲೆ ಅರವತ್ತು ಅಡಿ ವ್ಯಾಸದ ಗೋಪುರ, ಅದರ ತುದಿಯಲ್ಲಿ ಅಶೋಕನ ಸಿಂಹಲಾಂಛನ. ಬೆಂಗಳೂರಿನ ಸುತ್ತಿನ ಕಣಶಿಲೆಯೊಂದಿಗೆ ಮಾಗಡಿಯ ನಸುಗೆಂಪು ಕಲ್ಲನ್ನೂ ತುರುವೇಕೆರೆಯ ಹಸುರುಛಾಯೆಯ ಕಲ್ಲನ್ನೂ ಅಲಂಕಾರಕ್ಕಾಗಿ ಬಳಸಲಾಯಿತು. ದ್ರಾವಿಡ ಶೈಲಿಯನ್ನು ಆಧಾರವಾಗಿಟ್ಟುಕೊಂಡು ಇತರ ಭಾರತೀಯ ಅಂಶಗಳನ್ನು ಕೂಡಿಸಿದ ಈ ರಚನೆಗೆ ಹಿಂದಿನ ಮಾದರಿಯೊಂದು ಇರಲಿಲ್ಲ. ದೇವಾಲಯದ ಕಂಬ, ಬೋದಿಗೆ, ಕಪೋತಗಳನ್ನು ಕಚೇರಿಯ ಕೊಠಡಿಗಳಿಗೆ ಹೊಂದಿಸುವ ಕೆಲಸ ಶಿಲ್ಪಿಗೂ ಕಲ್ಲುಕುಟಿಗರಿಗೂ ಹೊಸದಾಗಿದ್ದಿತು.

೫

ಇಂಥ ಕಟ್ಟಡಕ್ಕೆ ಹಣ ಎಲ್ಲಿಂದ? ಕಟ್ಟಡದ ಒಟ್ಟು ವೆಚ್ಚ ಸುಮಾರು ೧.೭೫ ಕೋಟಿ ರೂಪಾಯಿಯಾಯಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅಠಾರಾ ಕಚೇರಿಯ ನಾಲ್ಕೂವರೆ ಲಕ್ಷದೊಂದಿಗೆ ಇದನ್ನು ಹೋಲಿಸಿದರೆ ಸುಮಾರು ಮೂವತ್ತೊಂಬತ್ತು ಪಾಲು ಹೆಚ್ಚು. ಆದರೆ ಎಂಬತ್ತೆಂಟು ವರ್ಷಗಳ ಅಂತರದಲ್ಲಿ ರೂಪಾಯಿಯ ಬೆಲೆ ಇಳಿದಿದ್ದಿತು, ಕಟ್ಟಡದ ಅಳತೆ ಬೆಳೆದಿದ್ದಿತು. ಆದ್ದರಿಂದ ಈ ಅಂಕಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ತೀರ್ಪು ಕೊಡುವುದು ಸರಿಯಲ್ಲ. ಸರಿಯಾದ ಹೋಲಿಕೆಯೆಂದರೆ ೧೯೫೧ರ ಮಿತವ್ಯಯದ ಯೋಜನೆಗೂ ೧೯೫೬ರಲ್ಲಿ ಮುಗಿದ ಕಟ್ಟಡಕ್ಕೂ ನಡುವಣ ಹೋಲಿಕೆ. ಅಲ್ಲಿ ವೆಚ್ಚವು ಹಲವು ಪಟ್ಟು ಏರಿತೆಂಬುದರಲ್ಲಿ ಸಂದೇಹವಿಲ್ಲ.

ವೆಚ್ಚ ಹೀಗೆ ಏರುವುದಕ್ಕೆ ಎರಡು ವಿಧದ ಕಾರಣಗಳಿರುತ್ತವೆ. ಸಾಮಗ್ರಿಯ ಬೆಲೆ ಹೆಚ್ಚುವುದು, ಅಂದಾಜು ತಪ್ಪುವುದು, ಕೆಲಸ ನಿಧಾನವಾಗುವುದು ಇವು ಒಂದು ವಿಧ. ಕಟ್ಟಡದ ಉದ್ದೇಶವೇ ಬದಲಾಗುವುದು ಇನ್ನೊಂದು ವಿಧ. ವಿಧಾನಸೌಧದ ವಿಷಯದಲ್ಲಿ ಎರಡನೆಯ ವಿಧವೇ ಪ್ರಧಾನವಾಗಿದ್ದಿತು. ಮೊದಲ ಯೋಜನೆ ಸ್ಥಳಾಭಾವಕ್ಕೆ ಪರಿಹಾರವಾಗಿದ್ದಿತು. ಎರಡನೆಯದು ರಾಜ್ಯದ ಆತ್ಮಗೌರವದ ಸಂಕೇತವಾಯಿತು. ಸ್ಥಳವನ್ನು ಚದರಡಿಗಳಲ್ಲಿ ಅಳೆದು ಬೆಲೆ ಕಟ್ಟಬಹುದು. ಸಂಕೇತಕ್ಕೆ ಅಂದಾಜುಪಟ್ಟಿ ತಯಾರಿಸುವ ವಿದ್ಯೆಯನ್ನು ಯಾವ ಇಂಜಿನಿಯರನೂ ಕಲಿತಿಲ್ಲ.

ಶ್ರಮದ ವಿಷಯವೂ ಇಲ್ಲಿ ವಿಚಾರಾರ್ಹ. ಐದು ಸಾವಿರಕ್ಕೂ ಹೆಚ್ಚು ಮಂದಿ ಸಾಮಾನ್ಯ ಕೆಲಸಗಾರರು ಈ ನಿರ್ಮಾಣದಲ್ಲಿ ದುಡಿದರೆಂದೂ ಅವರಲ್ಲಿ ಬಹುಮಂದಿ ಸೆರೆಮನೆಯ ಕೈದಿಗಳೆಂದೂ, ಇವರಲ್ಲದೆ ಸುಮಾರು ೧,೫೦೦ ಮಂದಿ ಕಲ್ಲುಕುಟಿಗರು, ಗಾರೆಯವರು, ಮರಗೆತ್ತನೆಯವರು ಇದ್ದರೆಂದೂ ತಿಳಿದುಬರುತ್ತದೆ. ಕೈದಿಗಳ ದುಡಿಮೆಯಿಂದ ಕೂಲಿಯ ಬಾಬಿನಲ್ಲಿ ಉಳಿತಾಯವಾಯಿತೆಂಬುದು ಸ್ಪಷ್ಟ. ಆದರೆ ಪ್ರಜಾಪ್ರಭುತ್ವದ ದೇಗುಲವೆಂದು ಹೊಗಳಿಸಿಕೊಂಡ ಭವನದ ಕಲ್ಲುಗಳನ್ನು ಹೊತ್ತವರು ಸ್ವಾತಂತ್ರ್ಯವನ್ನು ಕಳೆದುಕೊಂಡಿದ್ದವರೆಂಬ ಸಂಗತಿ ಇತಿಹಾಸದ ವಿದ್ಯಾರ್ಥಿಯನ್ನು ಯೋಚನೆಗೀಡುಮಾಡದೆ ಇರದು. ೧.೭೫ ಕೋಟಿಯ ಅಂಕಿಯಲ್ಲಿ ಅವರ ದುಡಿಮೆಯ ಪೂರ್ಣ ಬೆಲೆ ಸೇರಿಲ್ಲ. ಸಾರ್ವಜನಿಕ ಕಟ್ಟಡದ ವೆಚ್ಚವನ್ನು ಲೆಕ್ಕ ಹಾಕುವಾಗ ಬೊಕ್ಕಸದಿಂದ ಹೊರಟ ಹಣವನ್ನು ಮಾತ್ರ ಎಣಿಸಿದರೆ ಲೆಕ್ಕ ಅಪೂರ್ಣವಾಗುತ್ತದೆ.

ವೆಚ್ಚವನ್ನು ಕುರಿತ ಟೀಕೆ ಕಟ್ಟಡ ಏಳುತ್ತಿದ್ದಾಗಲೇ ಆರಂಭವಾಗಿದ್ದಿತು. ಅಣೆಕಟ್ಟು, ಶಾಲೆ, ಆಸ್ಪತ್ರೆಗಳಿಗೆ ಬೇಕಾದ ಹಣ ಕಲ್ಲಿನ ಕೆತ್ತನೆಗೆ ಹೋಗುತ್ತಿದೆ ಎಂಬುದು ವಿರೋಧಿಗಳ ವಾದ. ಹನುಮಂತಯ್ಯನವರು ೧೯೫೬ರ ಆಗಸ್ಟ್ ೧೯ರಂದು ಅಧಿಕಾರದಿಂದ ಇಳಿದರು. ವಿಧಾನಸೌಧದ ನಿರ್ಮಾಣವನ್ನು ಕುರಿತು ಪಿ. ಪಿ. ದೇವ್ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿಯೊಂದು ಕುಳಿತಿತು. ಹೀಗೆ ನಾಡಿನ ಅತಿ ದೊಡ್ಡ ಸರಕಾರಿ ಕಟ್ಟಡವು ಕೀರ್ತಿ ಮತ್ತು ವಿಚಾರಣೆ ಎರಡನ್ನೂ ತನ್ನ ಆರಂಭದಲ್ಲಿಯೇ ಹೊತ್ತುಕೊಂಡಿತು.

ಈ ವಿಚಾರಣೆಯನ್ನು ರಾಜಕೀಯ ದ್ವೇಷದ ಫಲವೆಂದು ಕೆಲವರು ತಳ್ಳಿಹಾಕುತ್ತಾರೆ. ದುಂದುವೆಚ್ಚಕ್ಕೆ ಸಾಕ್ಷಿಯೆಂದು ಕೆಲವರು ಎತ್ತಿಹಿಡಿಯುತ್ತಾರೆ. ನಮ್ಮ ದೃಷ್ಟಿಯಲ್ಲಿ ಅದರ ಮಹತ್ವ ಬೇರೆಯದು. ೧೮೬೮ರಲ್ಲಿ ಅಠಾರಾ ಕಚೇರಿಯ ವೆಚ್ಚವನ್ನು ಪ್ರಶ್ನಿಸುವ ಬಾಯಿ ಇರಲಿಲ್ಲ. ೧೯೫೬ರಲ್ಲಿ ಮುಖ್ಯಮಂತ್ರಿಯಾಗಿದ್ದವರ ಕೆಲಸವನ್ನು ಕುರಿತು ಸಮಿತಿಯೊಂದು ಕುಳಿತು ಲೆಕ್ಕ ಕೇಳಿತು. ಎರಡು ಕಟ್ಟಡಗಳ ನಡುವಿನ ನಿಜವಾದ ಅಂತರ ಶೈಲಿಯಲ್ಲಿ ಮಾತ್ರವಲ್ಲದೆ ಇಲ್ಲಿಯೂ ಇದೆ. ಆದರೆ ವಿಚಾರಣೆ ನಡೆದುದು ಕಲ್ಲು ಕೆತ್ತಿಯಾದ ಬಳಿಕ. ಹಣವನ್ನು ಖರ್ಚು ಮಾಡುವುದಕ್ಕೆ ಮೊದಲು, ಉದ್ದೇಶವು ಬದಲಾದ ಘಟ್ಟದಲ್ಲಿಯೇ, ಹೊಸ ಅಂದಾಜನ್ನು ಸಭೆಯ ಮುಂದಿಟ್ಟು ವಿವರವಾಗಿ ಚರ್ಚಿಸುವ ಪದ್ಧತಿ ಬಲವಾಗಿದ್ದಿದ್ದರೆ ಕಟ್ಟಡಕ್ಕೂ ಕಟ್ಟಿಸಿದವರಿಗೂ ಅದು ರಕ್ಷಣೆಯಾಗುತ್ತಿದ್ದಿತು.

೬

ಇನ್ನು ಯೋಜನೆಯ ದೂರದೃಷ್ಟಿಯ ವಿಷಯ. ೧೯೫೧ರಲ್ಲಿ ಅಸ್ತಿಭಾರವಿಟ್ಟಾಗ ಮೈಸೂರು ಒಂಬತ್ತು ಜಿಲ್ಲೆಗಳ ರಾಜ್ಯ. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆಯ ಏಳು ತಾಲೂಕುಗಳು ಸೇರಿದುವು. ೧೯೫೬ರ ನವೆಂಬರ್ ೧ರಂದು ಮುಂಬಯಿ ರಾಜ್ಯದ ನಾಲ್ಕು ಜಿಲ್ಲೆಗಳು, ಹೈದರಾಬಾದಿನ ಮೂರು ಜಿಲ್ಲೆಗಳು, ಮದರಾಸಿನ ದಕ್ಷಿಣ ಕನ್ನಡ ಮತ್ತು ಕೊಡಗು ಸೇರಿ ಹತ್ತೊಂಬತ್ತು ಜಿಲ್ಲೆಗಳ ವಿಶಾಲ ಮೈಸೂರು ಉದಯವಾಯಿತು. ೧೯೫೨ರಲ್ಲಿ ತೊಂಬತ್ತೊಂಬತ್ತು ಸದಸ್ಯರಿದ್ದ ವಿಧಾನಸಭೆಯಲ್ಲಿ ೧೯೫೭ರ ಚುನಾವಣೆಯ ತರುವಾಯ ಇನ್ನೂರೆಂಟು ಮಂದಿ ಕುಳಿತರು. ಹನುಮಂತಯ್ಯನವರು ಕಟ್ಟಡವನ್ನು ಹಿಗ್ಗಿಸದೆ ಮೊದಲಿನ ನಕ್ಷೆಗೇ ಅಂಟಿಕೊಂಡಿದ್ದರೆ ಆ ಕಟ್ಟಡವು ಬಾಗಿಲು ತೆರೆದ ದಿನವೇ ಇಕ್ಕಟ್ಟಾಗುತ್ತಿತ್ತು. ದುಂದೆಂದು ಟೀಕೆಗೊಳಗಾದ ವಿಸ್ತಾರವು ಏಕೀಕರಣದ ದೆಸೆಯಿಂದ ಅವಶ್ಯಕತೆಯಾಗಿ ಮಾರ್ಪಟ್ಟಿತು. ಏಕೀಕರಣದ ಪರವಾಗಿ ಗಟ್ಟಿಯಾಗಿ ನಿಂತಿದ್ದ ಹನುಮಂತಯ್ಯನವರು ವಿಶಾಲ ರಾಜ್ಯ ಉದಯವಾದ ದಿನ ಮುಖ್ಯಮಂತ್ರಿಯಾಗಿರಲಿಲ್ಲ. ಆ ಸ್ಥಾನದಲ್ಲಿ ಎಸ್. ನಿಜಲಿಂಗಪ್ಪನವರಿದ್ದರು.

ಇದೇ ಸಂಗತಿಯನ್ನು ರಾಜ್ಯದ ಮತ್ತೊಂದು ತುದಿಯಿಂದ ನೋಡೋಣ. ಸಿಂಧನೂರು, ಲಿಂಗಸುಗೂರು ತಾಲೂಕುಗಳಿರುವ ರಾಯಚೂರು ಜಿಲ್ಲೆ ೧೯೫೬ರವರೆಗೆ ಹೈದರಾಬಾದಿಗೆ ಸೇರಿದ್ದಿತು. ಅಲ್ಲಿಯ ರೈತನಿಗೆ ಬೆಂಗಳೂರಿನ ಸೌಧದ ಯೋಜನೆಯಲ್ಲಿಯೂ ಅದರ ವೆಚ್ಚದಲ್ಲಿಯೂ ಯಾವ ಪಾಲೂ ಇರಲಿಲ್ಲ. ಆದರೆ ಕಟ್ಟಡ ಪೂರ್ಣವಾದ ವರ್ಷದಲ್ಲಿಯೇ ಅದು ಅವನ ಸರಕಾರದ ಮನೆಯಾಯಿತು. ಸೌಧದ ಶಿಖರದಲ್ಲಿರುವ ಲಾಂಛನ ಅಶೋಕನದು. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಶಾಸನವು ಮೊದಲು ದೊರೆತುದು, ೧೯೧೫ರಲ್ಲಿ, ಇದೇ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಹಳೆಯ ಮೈಸೂರಿಗಾಗಿ ಕಟ್ಟಿದ ಭವನವು ಹೀಗೆ ಅದನ್ನು ಯೋಜಿಸಿದವರ ಎಣಿಕೆಯನ್ನು ಮೀರಿ ಇಡೀ ಕನ್ನಡ ನಾಡಿನದಾಯಿತು.

ಆದರೆ ಸಿಂಧನೂರಿನಿಂದ ಬೆಂಗಳೂರು ನೂರಾರು ಮೈಲಿಗಳ ದೂರದಲ್ಲಿದೆ. ಭವನವು ಎಷ್ಟೇ ಭವ್ಯವಾಗಿದ್ದರೂ ಅಲ್ಲಿಗೆ ಹೋಗಿಬರುವ ಖರ್ಚನ್ನು ಹೊರಲಾರದವನಿಗೆ ಅದು ಚಿತ್ರಪಟದಲ್ಲಿ ನೋಡುವ ವಸ್ತು. ಸರಕಾರವು ದೂರದ ಊರಿನಲ್ಲಿ ಏನನ್ನು ಕಟ್ಟುತ್ತದೆ ಎಂಬುದರಿಂದಲೇ ಆ ಊರಿನ ಜನ ಸರಕಾರವನ್ನು ಅರಿಯುತ್ತಾರೆ. ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪುಗಳು ಇದಕ್ಕೆ ಒಂದು ನಿದರ್ಶನ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗಾಗಿ ಏರ್ಪಡಿಸಿದ ಈ ಪುನರ್ವಸತಿ ನೆಲೆಗಳ ಹೆಸರಿನಲ್ಲಿಯೇ ‘ಕ್ಯಾಂಪ್’ ಎಂಬ ಮಾತಿದೆ. ಅಂದರೆ ತಾತ್ಕಾಲಿಕವೆಂಬ ಅರ್ಥ. ಜನರು ಅಲ್ಲಿ ಬೇರೂರಿ ತಲೆಮಾರುಗಳು ಕಳೆದರೂ ಹೆಸರು ಹಾಗೆಯೇ ಉಳಿದಿದೆ. ರಾಜಧಾನಿಯಲ್ಲಿ ಶಾಶ್ವತವೆಂದು ಕಟ್ಟಿದ ಭವನ ಬೇಗ ಸಾಲದಾಯಿತು. ತಾಲೂಕಿನಲ್ಲಿ ತಾತ್ಕಾಲಿಕವೆಂದು ಹೆಸರಿಟ್ಟುದು ಶಾಶ್ವತವಾಯಿತು. ಯೋಜನೆಯ ಕಾಗದವು ಕಾಲವನ್ನು ಕುರಿತು ಮಾಡುವ ಊಹೆ ಎರಡೂ ಕಡೆ ತಪ್ಪಬಲ್ಲದು.

೭

ಹೊಸ ಸೌಧಕ್ಕೆ ಸಚಿವಾಲಯವು ಹೊರಟುಹೋದ ಮೇಲೆ ಅಠಾರಾ ಕಚೇರಿ ಉಚ್ಚ ನ್ಯಾಯಾಲಯದ ನೆಲೆಯಾಯಿತು. ಹಳೆಯ ಕಟ್ಟಡಕ್ಕೆ ಹೊಸ ಕೆಲಸ ದೊರೆತುದೇ ಅದರ ಆಯುಸ್ಸನ್ನು ಹೆಚ್ಚಿಸಿತು. ಆದರೆ ಕಾಲಕ್ರಮದಲ್ಲಿ ನ್ಯಾಯಾಲಯವೂ ಬೆಳೆಯಿತು. ೧೯೮೦ರ ದಶಕದ ಮೊದಲ ವರ್ಷಗಳಲ್ಲಿ ಆ ಕಟ್ಟಡವನ್ನು ಕೆಡವಿ ಅದೇ ಜಾಗದಲ್ಲಿ ಹೊಸದನ್ನು ಕಟ್ಟಬೇಕೆಂಬ ಯೋಜನೆ ಸರಕಾರದ ಮುಂದೆ ಬಂದಿತು. ನಾಗರಿಕರು ಇದನ್ನು ವಿರೋಧಿಸಿ ನ್ಯಾಯಾಲಯದ ಮೊರೆಹೊಕ್ಕರು. ಯಾವ ಕಟ್ಟಡದ ಅಳಿವು ಉಳಿವು ವಾದದ ವಿಷಯವಾಗಿತ್ತೋ ಆ ಕಟ್ಟಡವೇ ನ್ಯಾಯಾಲಯದ ನೆಲೆಯೂ ಆಗಿದ್ದಿತೆಂಬುದು ನಮ್ಮ ನ್ಯಾಯಾಂಗದ ಇತಿಹಾಸದಲ್ಲಿ ಅಪೂರ್ವ ಸಂಗತಿ. ಕೊನೆಗೆ ಕಟ್ಟಡ ಉಳಿಯಿತು. ಬೇಕಾದ ಸ್ಥಳಕ್ಕಾಗಿ ಹಿಂಭಾಗದಲ್ಲಿ ಅದೇ ಮಾದರಿಯ ಹೊಸ ಭಾಗಗಳನ್ನು ಸೇರಿಸಲಾಯಿತು.

ಸ್ಥಳಾಭಾವಕ್ಕೆ ಕೆಡವುವುದೊಂದೇ ಪರಿಹಾರವಲ್ಲವೆಂಬುದನ್ನು ಇದು ತೋರಿಸಿಕೊಟ್ಟಿತು. ಇನ್ನೂ ಒಂದು ಪರಿಹಾರ ಮುಂದೆ ಕಂಡುಬಂದಿತು. ೨೦೦೮ರ ಜುಲೈ ತಿಂಗಳಿನಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠಗಳು ಧಾರವಾಡ ಮತ್ತು ಕಲಬುರಗಿಗಳಲ್ಲಿ ಆರಂಭವಾದುವು. ೨೦೧೩ರಲ್ಲಿ ಅವು ಕಾಯಂ ಪೀಠಗಳಾದುವು. ರಾಯಚೂರು ಜಿಲ್ಲೆಯ ಕಕ್ಷಿಗಾರನು ಈಗ ಕಲಬುರಗಿಯಲ್ಲಿ ನ್ಯಾಯವನ್ನು ಕೇಳಬಹುದು. ಕೇಂದ್ರದ ಕಟ್ಟಡವನ್ನು ಹಿಗ್ಗಿಸುವ ಬದಲು ಕೆಲಸವನ್ನೇ ಜನರ ಹತ್ತಿರಕ್ಕೆ ಕೊಂಡೊಯ್ಯುವುದು ಈ ಮಾರ್ಗ. ಸಚಿವಾಲಯದ ವಿಷಯದಲ್ಲಿ ನಡೆದುದು ಇದಕ್ಕಿಂತ ಭಿನ್ನ. ವಿಧಾನಸೌಧದ ಪಕ್ಕದಲ್ಲಿಯೇ, ಅದರ ರೂಪವನ್ನು ಅನುಸರಿಸಿ, ವಿಕಾಸಸೌಧವನ್ನು ಕಟ್ಟಲಾಯಿತು. ಅದರ ಉದ್ಘಾಟನೆ ೨೦೦೫ರಲ್ಲಿ ನೆರವೇರಿತು. ೨೦೧೨ರ ಅಕ್ಟೋಬರ್ ೧೧ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರು ಬೆಳಗಾವಿಯ ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದರು. ಅದೇ ವರ್ಷದ ೯೮ನೆಯ ಸಂವಿಧಾನ ತಿದ್ದುಪಡಿಯಿಂದ ಸೇರಿದ ೩೭೧ಜೆ ವಿಧಿಯು ರಾಯಚೂರು ಮೊದಲಾದ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳ ಅಭಿವೃದ್ಧಿಗೆ ಪ್ರತ್ಯೇಕ ಮಂಡಳಿಗೂ ನ್ಯಾಯಯುತವಾದ ಹಣದ ಹಂಚಿಕೆಗೂ ಆಧಾರವನ್ನೊದಗಿಸಿತು. ಕಟ್ಟಡವೊಂದನ್ನು ಪ್ರಾಂತಕ್ಕೆ ಕೊಡುವುದು, ಕಟ್ಟುವ ಹಣವನ್ನೂ ನಿರ್ಧಾರವನ್ನೂ ಪ್ರಾಂತಕ್ಕೆ ಕೊಡುವುದು ಇವೆರಡೂ ಬೇರೆ ಬೇರೆ. ಬೆಳಗಾವಿಯ ಸೌಧ ಮೊದಲನೆಯದಕ್ಕೆ ಉದಾಹರಣೆ. ೩೭೧ಜೆ ವಿಧಿ ಎರಡನೆಯದರತ್ತ ಇಟ್ಟ ಹೆಜ್ಜೆ.

೮

ಮೇಲಿನ ವಿವೇಚನೆಯಿಂದ ಹೊರಡುವ ಅಂಶಗಳನ್ನು ಸಂಗ್ರಹವಾಗಿ ಹೇಳಬಹುದು. ಮೊದಲನೆಯದಾಗಿ, ಸರಕಾರಿ ಕಟ್ಟಡವನ್ನು ‘ಹಳೆಯದಾಯಿತು’ ಎಂದು ಬಿಟ್ಟ ಸಂದರ್ಭಗಳಲ್ಲಿ ಗೋಡೆಯ ಶಿಥಿಲತೆಗಿಂತ ಕೆಲಸದ ಬೆಳವಣಿಗೆಯೇ ಹೆಚ್ಚಿನ ಕಾರಣವಾಗಿದೆ. ಟಿಪ್ಪುವಿನ ಅರಮನೆಯ ಉಳಿದ ಭಾಗವೂ ಅಠಾರಾ ಕಚೇರಿಯೂ ತಮ್ಮನ್ನು ಬಿಟ್ಟುಹೋದವರಿಗಿಂತ ಹೆಚ್ಚು ಕಾಲ ಬಾಳಿವೆ. ಆದ್ದರಿಂದ ಹೊಸ ಕಟ್ಟಡದ ಪ್ರಸ್ತಾಪ ಬಂದಾಗ ಶಿಥಿಲತೆ ಮತ್ತು ಸ್ಥಳಾಭಾವ ಎಂಬ ಎರಡು ಕಾರಣಗಳನ್ನು ಬೇರೆ ಬೇರೆಯಾಗಿ ತೂಗಬೇಕು. ಒಂದಕ್ಕೆ ಮದ್ದು ದುರಸ್ತಿ, ಇನ್ನೊಂದಕ್ಕೆ ಮದ್ದು ವಿಸ್ತರಣೆ ಅಥವಾ ವಿಕೇಂದ್ರೀಕರಣ. ಎರಡನೆಯದಾಗಿ, ಅಂದಾಜು ಮೀರುವುದು ಬೆಂಗಳೂರಿಗೆ ಮಾತ್ರ ಸೇರಿದ ದೋಷವಲ್ಲ. ಆದರೆ ಉದ್ದೇಶ ಬದಲಾದಾಗ ಅದನ್ನು ಬಹಿರಂಗವಾಗಿ ಹೇಳಿ ಹೊಸ ಒಪ್ಪಿಗೆಯನ್ನು ಪಡೆಯುವುದು ಪ್ರಜಾಸರಕಾರದ ಕರ್ತವ್ಯ. ಮೂರನೆಯದಾಗಿ, ಇಂದಿನ ಟೀಕೆಯೂ ಇಂದಿನ ಮೆಚ್ಚುಗೆಯೂ ಕಟ್ಟಡದ ವಿಷಯದಲ್ಲಿ ಅಂತಿಮ ತೀರ್ಪಾಗಲಾರವು. ವಿಧಾನಸೌಧವನ್ನು ದುಂದೆಂದವರಿಗೆ ಏಕೀಕರಣ ಉತ್ತರ ಕೊಟ್ಟಿತು. ಅಠಾರಾ ಕಚೇರಿಯನ್ನು ನಿರುಪಯುಕ್ತವೆಂದವರಿಗೆ ಅದರ ಮುಂದಿನ ಬಾಳು ಉತ್ತರ ಕೊಟ್ಟಿತು.

ವಿಧಾನಸೌಧದ ಮುಂಭಾಗದಲ್ಲಿ, ಸರಕಾರದ ಕೆಲಸ ದೇವರ ಕೆಲಸವೆಂಬ ಮಾತನ್ನು ಕೆತ್ತಲಾಗಿದೆ. ದೇವರ ಕೆಲಸಕ್ಕೆ ಲೆಕ್ಕ ಕೇಳುವ ಪದ್ಧತಿ ಇಲ್ಲ. ಸರಕಾರದ ಕೆಲಸಕ್ಕೆ ಲೆಕ್ಕ ಕೇಳುವ ಪದ್ಧತಿ ಇದೆ, ಇರಬೇಕು. ನಮ್ಮ ಊರುಗಳ ಪುರಸಭೆ, ನಗರಸಭೆಗಳ ದಾಖಲೆಗಳಲ್ಲಿ, ಮಾರುಕಟ್ಟೆ, ಪುರಭವನ, ಕಚೇರಿಗಳನ್ನು ಕಟ್ಟಿಸಿದ ಠರಾವು, ಅಂದಾಜುಪಟ್ಟಿ, ಗುತ್ತಿಗೆಯ ಪತ್ರಗಳಲ್ಲಿ ಈ ಇತಿಹಾಸದ ಚಿಕ್ಕ ಅಧ್ಯಾಯಗಳು ಅಡಗಿವೆ. ಅವುಗಳ ಕಾಗದವೂ ಕಟ್ಟಡಗಳಂತೆಯೇ ಜೀರ್ಣವಾಗುತ್ತಿದೆ. ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಂತಮ್ಮ ಊರಿನ ಒಂದೊಂದು ಕಟ್ಟಡವನ್ನು ಆರಿಸಿಕೊಂಡು, ಅದನ್ನು ಏಕೆ ಕಟ್ಟಿದರು, ಯಾರ ಹಣದಿಂದ ಕಟ್ಟಿದರು, ಯಾರ ದುಡಿಮೆಯಿಂದ ಕಟ್ಟಿದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಸಂಗ್ರಹಿಸಿದರೆ ಕರ್ನಾಟಕದ ಆಡಳಿತದ ಇತಿಹಾಸಕ್ಕೆ ಅದು ಬೆಲೆಯುಳ್ಳ ಕಾಣಿಕೆಯಾಗುವುದು.